ಹಳೆಯ ಬ್ರೈಯರ್ ಪೈಪು: ಎಳೆತಕ್ಕೆಷ್ಟು, ಹೆಸರಿಗೆಷ್ಟು?

ನೂರು ಡಾಲರ್ ಕೈಯಲ್ಲಿದೆ, ತಂಬಾಕು ಸೇದುವ ಹಳೆಯ ಪೈಪೊಂದನ್ನು ಕೊಳ್ಳಬೇಕು ಎಂದುಕೊಳ್ಳಿ. ಆ ದುಡ್ಡಿಗೆ ಡಬ್ಲಿನ್ನಿನ ಪೀಟರ್ಸನ್ ಬರುತ್ತದೆ, ಡೆನ್ಮಾರ್ಕಿನ ಸ್ಟ್ಯಾನ್‌ವೆಲ್ ಬರುತ್ತದೆ, ಇಟಲಿಯ ಸಾವಿನೆಲ್ಲಿ ಬರುತ್ತದೆ. ಅಮೆರಿಕದ ಕೇವುಡಿಯಾದರೆ ಎರಡು ಮೂರು ಬಂದಾವು. ಇನ್ನೊಂದು ಇನ್ನೂರು ಸೇರಿಸಿದರೆ ಬಿಳಿ ಚುಕ್ಕೆಯ ಡನ್‌ಹಿಲ್ಲೇ ಕೈಗೆಟುಕುತ್ತದೆ. ಬ್ರೈಯರ್ ಎಂಬ ಮರದಿಂದ ಕೆತ್ತಿದ, ಬಳಸಿದ ಪೈಪು ಕೊಳ್ಳಲು ಹೊರಟವರು ಸಾಮಾನ್ಯವಾಗಿ ತಡವರಿಸುವುದು ಇಲ್ಲಿಯೇ. ವ್ಯಾಪಾರದಲ್ಲಿ ಇವಕ್ಕೆ ಎಸ್ಟೇಟ್ ಪೈಪು ಎಂದು ಹೆಸರು. ತೀರಿಕೊಂಡವರ ಮನೆಯ ಸಾಮಾನಿನೊಂದಿಗೆ ಹರಾಜಿಗೆ ಬಂದದ್ದು, ಸಂಗ್ರಹಕಾರರು ಜಾಗ ಸಾಲದೆ ಮಾರಿದ್ದು, ಒಂದೆರಡು ಸಲ ಸೇದಿ ಬೇಡವೆಂದು ಬಿಟ್ಟದ್ದು ಎಲ್ಲವೂ ಆ ಒಂದೇ ಹೆಸರಿನಡಿ ಮಾರಾಟವಾಗುತ್ತವೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಪೈಪಿನ ಬೆಲೆಯನ್ನು ನಿರ್ಧರಿಸುವುದು ಅದರ ಕತ್ತಿನ, ಅಂದರೆ ಬಟ್ಟಲಿನಿಂದ ಹೊರಚಾಚಿದ ಮರದ ಭಾಗದ, ಮೇಲಿನ ಮುದ್ರೆ. ಅದು ಸೇದಲು ಹೇಗಿರುತ್ತದೆ ಎಂಬುದನ್ನು ನಿರ್ಧರಿಸುವುದು ಒಳಗೆ ಬೈರಿಗೆ ಕೊರೆದ ರಂಧ್ರ. ಈ ಎರಡಕ್ಕೂ ನಂಟು ಇದೆ, ಆದರೆ ಮಾರುವವರು ಹೇಳುವಷ್ಟು ಇಲ್ಲ. ನಲವತ್ತು ಡಾಲರಿನ ಅನಾಮಧೇಯ ಪೈಪು ಸಲೀಸಾಗಿ ಉಸಿರಾಡುವುದನ್ನೂ ಮುನ್ನೂರರ ಪೈಪು ಗೊರಗೊರ ಎನ್ನುವುದನ್ನೂ ಕಾಣಬಹುದು. ಹಾಗಾಗಿ ಹೆಸರುಗಳಿಗೆ ಬರುವ ಮೊದಲು ಅಳತೆಗೋಲುಗಳನ್ನು ನೋಡೋಣ.

ಎಲ್ಲಕ್ಕಿಂತ ಮೊದಲಿನದು ಎಳೆತ, ಅಂದರೆ ತಂಬಾಕು ತುಂಬುವ ಬಟ್ಟಲಿನಿಂದ ತುಟಿಯವರೆಗೆ ಹೊಗೆ ಎಷ್ಟು ಅಡೆತಡೆಯಿಲ್ಲದೆ ಬರುತ್ತದೆ ಎಂಬುದು. ಎರಡನೆಯದು ಮರದ ಆರೋಗ್ಯ: ಬಿರುಕು, ಸುಟ್ಟ ಗೋಡೆ, ತೇಪೆ. ಮೂರನೆಯದು ಬಾಯಿಗಿಡುವ ಕೊಳವೆಯಾದ ಸ್ಟೆಮ್‌ನ ಸ್ಥಿತಿ. ನಾಲ್ಕನೆಯದು ಹಿಂದಿನವರು ಯಾವ ತಂಬಾಕು ಸೇದಿದ್ದರು ಎಂಬ ವಾಸನೆಯ ಲೆಕ್ಕ. ಕೊನೆಯದು ಬೆಲೆ. ಬೆಲೆ ಎಂದರೆ ಕೊಟ್ಟ ದುಡ್ಡು ಮಾತ್ರವಲ್ಲ. ಶುಚಿ ಮಾಡಿಸುವ ಖರ್ಚು ಮತ್ತು ನಾಳೆ ಮಾರಿದರೆ ವಾಪಸು ಬರುವ ಮೊತ್ತ ಕೂಡ ಅದರಲ್ಲಿ ಸೇರಿದೆ.

ಎಳೆತದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಗೊಂದಲ ಹೆಚ್ಚಿರುವುದು ಅಲ್ಲೇ. ಪೈಪಿನ ಒಳದಾರಿಯಲ್ಲಿ ಮೂರು ಘಟ್ಟಗಳಿವೆ. ಮೊದಲನೆಯದು ಮರದ ಕತ್ತಿನೊಳಗಿನ ರಂಧ್ರ, ಎರಡನೆಯದು ಕತ್ತಿನೊಳಗೆ ಸ್ಟೆಮ್‌ನ ಗೂಟ ಕೂರುವ ಗೂಡು, ಮೂರನೆಯದು ಹಲ್ಲಿನ ನಡುವೆ ಇರುವ ತುದಿಯ ಸೀಳು. ಕತ್ತಿನ ರಂಧ್ರ ಸಾಮಾನ್ಯವಾಗಿ 3.5ರಿಂದ 4 ಮಿ.ಮೀ. ಇರುತ್ತದೆ. ಹಳೆಯ ಕಾರ್ಖಾನೆ ಪೈಪುಗಳಲ್ಲಿ ಇದಕ್ಕಿಂತ ಕಿರಿದಾದುದೂ ಉಂಟು. ಅರ್ಧ ಮಿಲಿಮೀಟರಿಗೆ ಏನು ಮಹಾ ಎಂದು ತಳ್ಳಿಹಾಕಬೇಡಿ. ಕೊಳವೆಯಲ್ಲಿ ಗಾಳಿ ನಿಧಾನವಾಗಿ ಹರಿಯುವಾಗ ಅದರ ತಡೆ ವ್ಯಾಸದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ. 3 ಮಿ.ಮೀ. ರಂಧ್ರವನ್ನು 3.5ಕ್ಕೆ ಹಿಗ್ಗಿಸಿದರೆ ತಡೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಎಳೆತ ಬಿಗಿಯಾದಾಗ ನಾವು ಅರಿವಿಲ್ಲದೆಯೇ ಜೋರಾಗಿ ಎಳೆಯುತ್ತೇವೆ. ಕೆಂಡಕ್ಕೆ ಗಾಳಿ ಹೆಚ್ಚಿ ಬಟ್ಟಲು ಕಾಯುತ್ತದೆ, ಹೊಗೆ ಬಿಸಿಯಾಗಿ ನಾಲಿಗೆ ಚುರುಗುಟ್ಟುತ್ತದೆ. ಸಡಿಲ ಎಳೆತದಲ್ಲಿ ಬಿಸಿ ಕಾಫಿ ಹೀರುವ ಹಾಗೆ ಮೆಲ್ಲಗೆ ಹೀರಿದರೆ ಸಾಕು. ಆದರೆ ಸಡಿಲವೇ ಸದಾ ಮೇಲು ಎಂದೇನೂ ಅಲ್ಲ. ಅಭ್ಯಾಸವಿಲ್ಲದವರ ಕೈಯಲ್ಲಿ ಅಗಲ ರಂಧ್ರದ ಪೈಪು ಬೇಗ ಉರಿದು ಮುಗಿದುಹೋಗುತ್ತದೆ. ತುಸು ತಡೆಯಿರುವ ಪೈಪು ಆತುರದವರಿಗೆ ತಾನೇ ಕಡಿವಾಣ ಹಾಕುತ್ತದೆ.

ಎರಡನೆಯ ಘಟ್ಟವಾದ ಗೂಡನ್ನು ಹೆಚ್ಚಿನವರು ನೋಡುವುದೇ ಇಲ್ಲ. ಸ್ಟೆಮ್‌ನ ಗೂಟ ಕತ್ತಿನೊಳಗಿನ ಗೂಡಿನ ತಳಕ್ಕೆ ಮುಟ್ಟುವಂತಿರಬೇಕು. ನಡುವೆ ಎರಡು ಮೂರು ಮಿ.ಮೀ. ಖಾಲಿ ಉಳಿದರೆ ಅಲ್ಲಿ ಹೊಗೆ ಸುಳಿ ತಿರುಗಿ ತಣಿಯುತ್ತದೆ, ಅದರಲ್ಲಿನ ತೇವ ನೀರಾಗಿ ಕೂರುತ್ತದೆ. ಗೊರಗೊರ ಸದ್ದು ಬಹುಮಟ್ಟಿಗೆ ಹುಟ್ಟುವುದು ಅಲ್ಲಿಯೇ. ಕೆಲವು ಸಲ ತಪ್ಪು ತುದಿಯಲ್ಲೂ ಇರುತ್ತದೆ: ಕತ್ತು ಧಾರಾಳವಾಗಿರುತ್ತದೆ, ಹಲ್ಲಿನ ಬಳಿಯ ಸೀಳು ಮಾತ್ರ ಕೂದಲೆಳೆಯಷ್ಟು. ನಿಮ್ಮ ಪೈಪು ಎಷ್ಟು ಸಲೀಸು ಎಂಬುದನ್ನು ಹೇಳುವುದು ಈ ದಾರಿಯಲ್ಲಿ ಅತ್ಯಂತ ಇಕ್ಕಟ್ಟಾದ ಜಾಗ, ಬೇರೆಡೆ ಎಷ್ಟು ಅಗಲವಿದ್ದರೂ ಲಾಭವಿಲ್ಲ.

ಪೈಪು ಕೈಯಲ್ಲಿದ್ದರೆ ಪರೀಕ್ಷೆ ಸುಲಭ. ಖಾಲಿ ಪೈಪನ್ನು ಬಾಯಿಗಿಟ್ಟು ಸಾಧಾರಣ ಉಸಿರಿನಷ್ಟು ಎಳೆಯಿರಿ. ಸದ್ದಿಲ್ಲದೆ ಬಂದರೆ ಒಳ್ಳೆಯದು. ಸಿಳ್ಳೆ ಹೊಡೆದರೆ ಒಳಗೆಲ್ಲೋ ಮೆಟ್ಟಿಲಿದೆ ಅಥವಾ ಕಿಟ್ಟ ಕಟ್ಟಿದೆ. ಆಮೇಲೆ ಸ್ಟೆಮ್ ಬಿಚ್ಚದೆ ಪೈಪ್ ಕ್ಲೀನರ್ ಕಡ್ಡಿಯನ್ನು ತುದಿಯಿಂದ ತೂರಿಸಿ. ನೇರ ಪೈಪಿನಲ್ಲಿ ಅದು ತಡೆಯಿಲ್ಲದೆ ಬಟ್ಟಲಿನೊಳಕ್ಕೆ ಇಣುಕಬೇಕು. ಬಾಗಿದ ಪೈಪಿನಲ್ಲಿ ತುಸು ತಡವರಿಸಿದರೆ ಕ್ಷಮಿಸಬಹುದು. ಕಡ್ಡಿ ಬಟ್ಟಲಿನಲ್ಲಿ ಎಲ್ಲಿ ಹೊರಬರುತ್ತದೆ ಎಂಬುದನ್ನು ಮೊಬೈಲ್ ದೀಪದಲ್ಲಿ ನೋಡಿ. ತಳಕ್ಕೆ ತಾಗಿ ನಡುವಿನಲ್ಲೇ ಬಂದರೆ ಕೊರೆತ ಸರಿಯಾಗಿದೆ. ತಳದಿಂದ ಮೇಲೆ ಬಂದರೆ ಕೆಳಗಿನ ತಂಬಾಕು ಪ್ರತಿ ಸಲವೂ ಒದ್ದೆಯಾಗಿ, ಉರಿಯದೆ ಉಳಿಯುತ್ತದೆ. ಹೀಗೆ ಎತ್ತರದಲ್ಲಿ ಕೊರೆದದ್ದನ್ನು ಸರಿಪಡಿಸಲು ತಳಕ್ಕೆ ಲೇಪ ತುಂಬಬೇಕು. ಕಿರಿದಾದ ರಂಧ್ರವನ್ನು ಹಿಗ್ಗಿಸುವುದು ಅಷ್ಟು ಕಷ್ಟವಲ್ಲ. ಪೈಪು ದುರಸ್ತಿ ಬಲ್ಲವರು ಮಾಡಿಕೊಡುತ್ತಾರೆ. ಎಳೆತದ ಎಲ್ಲ ದೋಷಗಳೂ ಒಂದೇ ತೂಕದವಲ್ಲ ಎಂಬುದನ್ನು ಚೌಕಾಸಿ ಮಾಡುವಾಗ ನೆನಪಿಡಿ.

ಇನ್ನು ಮರ. ಬ್ರೈಯರ್ ಎನ್ನುವುದು ಮೆಡಿಟರೇನಿಯನ್ ತೀರದ ಎರಿಕಾ ಆರ್ಬೋರಿಯಾ ಎಂಬ ಪೊದೆಗಿಡದ ಬುಡದಲ್ಲಿ ಬೆಳೆಯುವ ಗಡ್ಡೆ. ಕಲಾಬ್ರಿಯಾ, ಕಾರ್ಸಿಕಾ, ಸಾರ್ಡಿನಿಯಾ, ಅಲ್ಜೀರಿಯಾ, ಗ್ರೀಸ್ ಕಡೆಗಳಲ್ಲಿ ಅಗೆದು ತೆಗೆದು, ಗಂಟೆಗಟ್ಟಲೆ ಕುದಿಸಿ ಒಗರು ಕಳೆದು, ತಿಂಗಳುಗಟ್ಟಲೆ ಒಣಗಿಸುತ್ತಾರೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಫ್ರಾನ್ಸಿನ ಜೂರಾ ಬೆಟ್ಟಗಳ ಸೇಂಟ್ ಕ್ಲೋದ್ ಊರು ಈ ಗಡ್ಡೆಯಿಂದ ಪೈಪು ಕೆತ್ತುವ ಕಸುಬಿನ ತವರಾಯಿತು. ಬೆಂಕಿ ತಾಳುವ, ತೇವ ಹೀರುವ ಗುಣ ಬ್ರೈಯರಿಗೆ ಇದ್ದಷ್ಟು ಬೇರೆ ಮರಕ್ಕೆ ಕಡಿಮೆ. ಇಂಥ ಪ್ರದೇಶದ ಹಳೆಯ ಗಡ್ಡೆಗೆ ಇಂಥ ರುಚಿ ಎಂದು ಜಾಹೀರಾತು ಬರೆಯುವವರ ಮಾತಿಗೆ ಹೆಚ್ಚು ದುಡ್ಡು ತೆರಬೇಡಿ. ಐವತ್ತು ವರ್ಷ ಸೇದಿದ ಪೈಪಿನಲ್ಲಿ ಅಲ್ಜೀರಿಯಾದ ಮರವನ್ನು ಗ್ರೀಸಿನ ಮರದಿಂದ ನಾಲಿಗೆಯಲ್ಲಿ ಬೇರ್ಪಡಿಸಬಲ್ಲವರು ಇದ್ದರೆ ಇರಲಿ, ನಾನಂತೂ ಅವರಲ್ಲೊಬ್ಬನಲ್ಲ.

ಆರೋಗ್ಯ ನೋಡುವುದು ಹೀಗೆ. ಬಟ್ಟಲಿನೊಳಗೆ ಇದ್ದಲಿನ ಪದರ ಕಟ್ಟಿರುತ್ತದೆ. ಅದು ಒಂದೂವರೆ ಮಿ.ಮೀ. ಇದ್ದರೆ ಮರಕ್ಕೆ ಕಾವಲು; ಅರ್ಧ ಬಟ್ಟಲನ್ನೇ ತುಂಬಿದ್ದರೆ ಕೆಡುಕು, ಏಕೆಂದರೆ ಕಾಯ್ದಾಗ ಇದ್ದಲು ಮರಕ್ಕಿಂತ ಬೇರೆ ರೀತಿ ಹಿಗ್ಗಿ ಗೋಡೆಯನ್ನು ಸೀಳುತ್ತದೆ. ಪದರ ದಪ್ಪವಿದ್ದಾಗ ಅದರ ಹಿಂದಿನ ಗೋಡೆ ಕಾಣುವುದಿಲ್ಲ, ಹಾಗಾಗಿ ಅಂಥದ್ದಕ್ಕೆ ಕಡಿಮೆ ಬೆಲೆ ಕೇಳಿ. ಹೊರಗೋಡೆಯಲ್ಲಿ ಒಂದೇ ಕಡೆ ಕಪ್ಪಗೆ ಕಂತಿದ ಮಚ್ಚೆಯಿದ್ದರೆ ಒಳಗಿಂದ ಮರ ಸುಡುತ್ತಾ ಬಂದಿದೆ ಎಂದರ್ಥ, ಬಿಟ್ಟುಬಿಡಿ. ಕತ್ತಿನ ತುದಿಯಲ್ಲಿ ಕೂದಲೆಳೆಯ ಬಿರುಕಿದ್ದರೆ ಲೋಹದ ಬಳೆ ತೊಡಿಸಿ ಉಳಿಸಬಹುದು. ಆದರೆ ಬೆಲೆ ಇಳಿಯಲೇಬೇಕು. ಮೂಲದಲ್ಲಿ ಬಳೆಯೇ ಇಲ್ಲದ ಮಾದರಿಗೆ ಬಳೆ ಕಂಡರೆ ಅದರಡಿಯಲ್ಲಿ ಏನಿದೆ ಎಂದು ಕೇಳುವುದು ನಿಮ್ಮ ಹಕ್ಕು. ಬಟ್ಟಲಿನ ಬಾಯಿಯಂಚು ಮಸಿಯಾಗಿರುವುದು ದೊಡ್ಡ ವಿಷಯವಲ್ಲ, ಒರೆಸಿದರೆ ಹೋಗುತ್ತದೆ. ಅಂಚೇ ಸುಟ್ಟು ತಗ್ಗಾಗಿದ್ದರೆ ಉಜ್ಜಿ ಮಟ್ಟ ಮಾಡಬೇಕು, ಆಗ ಪೈಪಿನ ಎತ್ತರ ಕಡಿಮೆಯಾಗಿ ಸಂಗ್ರಹಕಾರರು ಮೂಗು ಮುರಿಯುತ್ತಾರೆ. ಸೇದುವವರಿಗೆ ಅದರಿಂದ ನಷ್ಟವೇನಿಲ್ಲ.

ಹಳೆಯ ಸ್ಟೆಮ್‌ಗಳು ಹೆಚ್ಚಾಗಿ ವಲ್ಕನೈಟಿನವು, ಅಂದರೆ ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರು. ಬೆಳಕಿಗೆ, ಜೊಲ್ಲಿಗೆ ಅದು ಹಸಿರು ಮಿಶ್ರಿತ ಕಂದಾಗುತ್ತದೆ, ಬಾಯಿಗಿಟ್ಟರೆ ಗಂಧಕದ ರುಚಿ. ನಯವಾದ ಉಜ್ಜುವ ಕಾಗದದಲ್ಲಿ ತಿಕ್ಕಿದರೆ ಕಪ್ಪು ಮರಳುತ್ತದೆ, ಆದರೆ ಅವಸರದಲ್ಲಿ ಉಜ್ಜಿದವರು ಲಾಂಛನವನ್ನೂ ಹಲ್ಲಿಗೆ ಸಿಗುವ ದಡವನ್ನೂ ಅಳಿಸಿಬಿಡುತ್ತಾರೆ. ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕಿನ ಸ್ಟೆಮ್ ಆದರೆ ಬಣ್ಣ ಕೆಡುವುದಿಲ್ಲ, ಹಲ್ಲಿಗೆ ಗಡುಸು. ಹಲ್ಲಿನ ಗುರುತು ವಲ್ಕನೈಟಿನಲ್ಲಿ ಇದ್ದರೆ ಬಿಸಿ ತಾಗಿಸಿ ಸ್ವಲ್ಪ ಎಬ್ಬಿಸಬಹುದು, ತೂತೇ ಬಿದ್ದಿದ್ದರೆ ಆಗದು.

ವಾಸನೆ ಎಂಬುದು ಚಿತ್ರದಲ್ಲಿ ಕಾಣದ ದೋಷ. ಇಂಗ್ಲೆಂಡಿನ ಲೇಕ್ ಜಿಲ್ಲೆಯ ಕೆಂಡಲ್ ಕಡೆಯ ಹೂವಿನ ಸುಗಂಧದ ತಂಬಾಕು ಸೇದಿದ ಪೈಪಿನಲ್ಲಿ ಆ ಸಾಬೂನಿನಂಥ ಪರಿಮಳ ವರ್ಷಗಟ್ಟಲೆ ಕೂತಿರುತ್ತದೆ. ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯನ್ನು ಬಟ್ಟಲಿನಲ್ಲಿ ರಾತ್ರಿಯಿಡೀ ಬಿಟ್ಟರೆ ಹತ್ತಿ ಬೆಳಿಗ್ಗೆಗೆ ಚಹಾಬಣ್ಣಕ್ಕೆ ತಿರುಗಿರುತ್ತದೆ, ಎರಡು ಮೂರು ಸುತ್ತಿಗೆ ಸಾಕಷ್ಟು ಬಿಡುತ್ತದೆ. ಹತ್ತಿಯ ಬದಲು ಉಪ್ಪು ಹಾಕುವವರೂ ಇದ್ದಾರೆ. ಕತ್ತಿನೊಳಗೆ ಉಪ್ಪು ಸೇರಿ ಮರ ಬಿರುಕು ಬಿಡುವ ಅಪಾಯವಿರುವುದರಿಂದ ಹತ್ತಿಯೇ ವಾಸಿ.

ಈಗ ಹೆಸರುಗಳಿಗೆ ಬರೋಣ.

ಡನ್‌ಹಿಲ್‌ನಿಂದಲೇ ಶುರು ಮಾಡುವುದು ಸರಿ, ಏಕೆಂದರೆ ಉಳಿದವುಗಳ ಬೆಲೆಯನ್ನು ಜನ ಅದರ ಪಕ್ಕದಲ್ಲಿಟ್ಟೇ ಅಳೆಯುತ್ತಾರೆ. ಆಲ್ಫ್ರೆಡ್ ಡನ್‌ಹಿಲ್ 1907ರಲ್ಲಿ ಲಂಡನ್ನಿನ ಡ್ಯೂಕ್ ಸ್ಟ್ರೀಟಿನಲ್ಲಿ ತಂಬಾಕಿನ ಅಂಗಡಿ ತೆರೆದು, ಮೂರು ವರ್ಷದಲ್ಲಿ ಸ್ವಂತ ಪೈಪು ತಯಾರಿಕೆಗೆ ಇಳಿದವನು. ಸ್ಟೆಮ್ ಮೇಲಿನ ಬಿಳಿ ಚುಕ್ಕೆ, ಮರಳು ಸಿಡಿಸಿ ಮೇಲ್ಮೈಯನ್ನು ಒರಟು ಮಾಡಿದ ಶೆಲ್ ಪೈಪು, ಇವೆರಡೂ ಅವನ ಕಂಪನಿಯನ್ನು ಎತ್ತಿ ನಿಲ್ಲಿಸಿದವು. ಹಳೆಯ ಡನ್‌ಹಿಲ್‌ಗಳು ಒಳಗೊಂದು ತೆಳು ಅಲ್ಯೂಮಿನಿಯಂ ಕೊಳವೆಯೊಂದಿಗೆ ಬರುತ್ತಿದ್ದವು. ಇಂದು ಸಿಗುವವುಗಳಲ್ಲಿ ಬಹುಪಾಲಿಗೆ ಅದು ಕಳೆದುಹೋಗಿದೆ, ಅದರಿಂದ ಎಳೆತಕ್ಕೆ ಲಾಭವೇ. ಉಳಿದಂತೆ ಡನ್‌ಹಿಲ್ ಎಳೆತ ಅಚ್ಚುಕಟ್ಟು, ಗೂಟ ಕೂರುವುದು ನಿಖರ, ಸ್ಟೆಮ್ ತುದಿ ತೆಳು. ಆದರೆ ಅದು ಬಿಚ್ಚು ಎಳೆತವಲ್ಲ, ಹದವಾದದ್ದು.

ಡನ್‌ಹಿಲ್‌ನ ನಿಜವಾದ ಗಟ್ಟಿತನ ಇರುವುದು ದಾಖಲೆಯಲ್ಲಿ. ಕತ್ತಿನ ಮೇಲೆ ದೇಶದ ಹೆಸರಿನ ಕೊನೆಯಲ್ಲಿ ಒಂದು ಪುಟ್ಟ ಅಂಕಿ ಒತ್ತಿರುತ್ತದೆ. ಪೇಟೆಂಟ್ ಸಂಖ್ಯೆ ಇಲ್ಲದ ಪೈಪಿನಲ್ಲಿ ಆ ಅಂಕಿ 15 ಇದ್ದರೆ 1960ಕ್ಕೆ 15 ಕೂಡಿಸಿ 1975 ಎಂದು ಓದಬೇಕು. ಪೇಟೆಂಟ್ ಸಂಖ್ಯೆ ಜೊತೆಗಿದ್ದರೆ ಲೆಕ್ಕ ಹಿಂದಿನ ದಶಕಗಳಿಗೆ ಸರಿಯುತ್ತದೆ. ವರ್ಷವನ್ನೂ ಗಾತ್ರದ ಗುಂಪನ್ನೂ ಹೀಗೆ ಓದಬಹುದಾದ್ದರಿಂದ ಮರುಮಾರಾಟ ಸುಲಭ. ಚೆನ್ನಾಗಿ ಇಟ್ಟುಕೊಂಡದ್ದು ಕೊಂಡ ಬೆಲೆಗೇ ಹೋಗುವುದುಂಟು. ಅರುವತ್ತು ಎಪ್ಪತ್ತರ ದಶಕದ ಒಳ್ಳೆಯ ಶೆಲ್ ಪೈಪಿಗೆ ಸುಮಾರು 250ರಿಂದ 500 ಡಾಲರ್ ಕೇಳುತ್ತಾರೆ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಚುಕ್ಕೆಗೆ ಹೋಗುತ್ತದೆ ಎಂದೇ ನನ್ನ ಎಣಿಕೆ. ಮುದ್ರೆ ಉಜ್ಜಿ ಮಾಸಿಹೋದ ಡನ್‌ಹಿಲ್‌ಗೆ ಪೂರ್ತಿ ಬೆಲೆ ಕೊಡುವುದು ಮಾತ್ರ ಶುದ್ಧ ದಂಡ. ಅದರಲ್ಲಿ ದಾಖಲೆಯೂ ಉಳಿದಿಲ್ಲ, ಎಳೆತಕ್ಕಾದರೆ ಅಗ್ಗದವು ಬೇರೆ ಬೇಕಾದಷ್ಟಿವೆ.

ಆ ಮನೆತನದ ಕೈಕೆಲಸ ಬೇಕು, ಬೆಲೆ ಬೇಡ ಎನ್ನುವವರಿಗೆ ಪಾರ್ಕರ್ ಇದೆ. ಮರದಲ್ಲಿ ಸಣ್ಣ ಊನ ಕಂಡ ಬಟ್ಟಲುಗಳನ್ನು ಮಾರಲೆಂದೇ ಡನ್‌ಹಿಲ್ 1920ರ ದಶಕದ ಆರಂಭದಲ್ಲಿ ಹುಟ್ಟುಹಾಕಿದ ಹೆಸರು ಇದು. ಹಳೆಯ ಪಾರ್ಕರ್‌ಗಳು ಡನ್‌ಹಿಲ್‌ಗಿಂತ ಬಹಳ ಕೆಳಗಿನ ಬೆಲೆಗೆ ಹೋಗುತ್ತವೆ. ಮರದ ಮೇಲೆ ಒಂದು ಪುಟ್ಟ ತೇಪೆ ಇದ್ದರೆ ಹೊಗೆಗೆ ಅದು ಗೊತ್ತಾಗುವುದಿಲ್ಲ. ಲಂಡನ್ನಿನ ಕೊಮೊಯ್ಸ್ ಮತ್ತು ಪ್ಯಾರಿಸಿನಲ್ಲಿ 1850ರಲ್ಲಿ ಶುರುವಾದ ಜಿಬಿಡಿ ಪೈಪುಗಳದೂ ಇದೇ ಕತೆ. ಅವುಗಳ ತುಟ್ಟಿಯ ಸಾಲುಗಳಿಗೆ ಸಂಗ್ರಹಕಾರರ ಕಣ್ಣು ಬಿದ್ದಿದೆ, ಕೆಳಗಿನ ಸಾಲುಗಳು ಇನ್ನೂ ಸೇದುವವರ ಕೈಗೆಟುಕುವಂತಿವೆ.

ಪೀಟರ್ಸನ್ ಬೇರೆಯದೇ ದಾರಿಯಲ್ಲಿ ಯೋಚಿಸಿದ ಪೈಪು. ಡಬ್ಲಿನ್ನಿನ ಚಾರ್ಲ್ಸ್ ಪೀಟರ್ಸನ್ 1890ರಲ್ಲಿ ಸಿಸ್ಟಮ್ ಪೈಪಿಗೆ ಪೇಟೆಂಟ್ ಪಡೆದ. ಹೊಗೆದಾರಿಯ ಕೆಳಗೆ ಕತ್ತಿನಲ್ಲಿ ಒಂದು ಸಣ್ಣ ಬಾವಿ ಕೊರೆದು, ತೇವ ಅಲ್ಲಿ ಇಳಿಯಲಿ, ಹೊಗೆ ಮಾತ್ರ ಮೇಲೆ ಹೋಗಲಿ ಎಂಬುದು ಅವನ ಉಪಾಯ. 1898ರಲ್ಲಿ ಬಂದ ಪಿ-ಲಿಪ್ ಸ್ಟೆಮ್‌ನಲ್ಲಿ ರಂಧ್ರ ತುದಿಯಲ್ಲಿರದೆ ಮೇಲ್ಗಡೆ ಇರುತ್ತದೆ. ಹೊಗೆ ನಾಲಿಗೆಗೆ ತಾಗದೆ ಅಂಗುಳಕ್ಕೆ ಹೋಗುತ್ತದೆ. ನಾಲಿಗೆ ಸುಡುವುದೇ ದೊಡ್ಡ ದೂರಾಗಿರುವವರಿಗೆ ಇದು ನಿಜಕ್ಕೂ ನೆರವು. ಒದ್ದೆ ತಂಬಾಕು ಸೇದುವವರಿಗೂ ಹೌದು. ಸೇದುವ ನಡುವೆಯೇ, ಬಟ್ಟಲು ಬಿಸಿಯಿರುವಾಗಲೂ ಇದರ ಸ್ಟೆಮ್ ಕಳಚಿ ನೀರು ಒದರಿ ಮತ್ತೆ ಸಿಕ್ಕಿಸಬಹುದು. ಬೇರೆ ಪೈಪಿಗೆ ಹಾಗೆ ಮಾಡಿದರೆ ಗೂಟವೋ ಕತ್ತೋ ಮುರಿದೀತು.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಕಡ್ಡಿ ಬಟ್ಟಲಿಗೆ ನೇರ ಹೋಗುವುದಿಲ್ಲ, ಬಾವಿಗೆ ಇಳಿದು ನಿಲ್ಲುತ್ತದೆ. ಹಿಂದಿನವರು ಬಾವಿಯನ್ನು ಶುಚಿ ಮಾಡುವ ಗೋಜಿಗೇ ಹೋಗದಿದ್ದರೆ ಅಲ್ಲಿ ದಶಕಗಳ ಕಿಟ್ಟ ಅಂಟಿನಂತೆ ಕೂತಿರುತ್ತದೆ. ಸ್ಟೆಮ್ ತೆಗೆದು ಮೂಸಿದರೆ ತಕ್ಷಣ ತಿಳಿಯುತ್ತದೆ, ಆಲ್ಕೊಹಾಲು ಹಾಕಿ ಹಿರಿದರೆ ಕಡ್ಡಿಗಳು ಒಂದರ ಹಿಂದೊಂದು ಡಾಂಬರಿನ ಬಣ್ಣಕ್ಕೆ ಬರುತ್ತವೆ. ಪಿ-ಲಿಪ್ ಕೆಲವರ ಬಾಯಿಗೆ ಒಗ್ಗುವುದೇ ಇಲ್ಲ. ಹಾಗಾದವರು ಅದೇ ಕಂಪನಿಯ ಮೀನಿನ ಬಾಲದಂಥ ತುದಿಯ ಪೈಪು ನೋಡಬೇಕು. ಬೆಳ್ಳಿ ಬಳೆಯಿದ್ದರೆ, ಬೆಳ್ಳಿಯ ಶುದ್ಧತೆ ಪರೀಕ್ಷಿಸುವ ಡಬ್ಲಿನ್ ಕಚೇರಿಯ ಹಾಲ್‌ಮಾರ್ಕ್ ಅಕ್ಷರದಿಂದ ವರ್ಷ ಪತ್ತೆ ಹಚ್ಚಬಹುದು. ಬೆಳ್ಳಿ ಇಲ್ಲದಿದ್ದರೂ ಐರ್ಲೆಂಡ್ ಗಣರಾಜ್ಯ ಎಂಬ ಮುದ್ರೆಯಿದ್ದರೆ ಅದು 1949ಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ, ಏಕೆಂದರೆ ಆ ದೇಶ ಗಣರಾಜ್ಯವಾದದ್ದೇ ಆಗ. ನಿಕ್ಕಲ್ ಬಳೆಯ ಸಾಧಾರಣ ಸಿಸ್ಟಮ್ 60ರಿಂದ 120 ಡಾಲರಿಗೆ ದೊರೆಯುತ್ತದೆ. ಒರಟಾಗಿ ಬಳಸುವವರಿಗೆ, ಹೊಲಗದ್ದೆಗೋ ನಡಿಗೆಗೋ ಜೇಬಿನಲ್ಲಿಟ್ಟುಕೊಂಡು ಹೋಗುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಸ್ಟ್ಯಾನ್‌ವೆಲ್ ನನ್ನ ಒಲವಿನದು, ಮುಚ್ಚಿಡುವುದೇಕೆ. ಪೌಲ್ ನೀಲ್ಸನ್ ಎಂಬ ಡೇನ್ 1942ರಲ್ಲಿ, ಯುದ್ಧದಿಂದಾಗಿ ಬ್ರೈಯರ್ ಸಿಗದ ಕಾಲದಲ್ಲಿ, ಬೀಚ್ ಮರದಲ್ಲಿ ಪೈಪು ಮಾಡಲು ತೊಡಗಿದ. ಯುದ್ಧ ಮುಗಿದು ಬ್ರೈಯರ್ ಬಂದ ಮೇಲೆ ಸ್ಟ್ಯಾನ್‌ವೆಲ್ ಎಂಬ ಇಂಗ್ಲಿಷ್ ಧ್ವನಿಯ ಹೆಸರಿಟ್ಟು, ಕಡೆಗೆ ತನ್ನ ಮನೆತನದ ಹೆಸರನ್ನೇ ಅದಕ್ಕೆ ಬದಲಾಯಿಸಿಕೊಂಡ. ಡೆನ್ಮಾರ್ಕಿನ ಕೈಕೆತ್ತನೆಯ ಹಿರಿಯ ಸಿಕ್ಸ್ಟನ್ ಇವಾರ್ಸನ್ ಇವನಿಗಾಗಿ ಆಕಾರಗಳನ್ನು ರೂಪಿಸಿದ. ಆಮೇಲೆ ಆನ್ ಜೂಲಿ, ಯೆಸ್ ಖೊನೊವಿಚ್, ಟಾಮ್ ಎಲ್ಟಾಂಗ್ ಕೂಡ ಆಕಾರ ಕೊಟ್ಟರು. ಇವರ ಕೈಯಲ್ಲಿ ಮಾಡಿದ ಪೈಪಿಗೆ ಸಾವಿರಾರು ಡಾಲರ್ ಎಣಿಸಬೇಕು. ಅದೇ ಕೈ ಬರೆದ ಗೆರೆಯನ್ನು ಕಾರ್ಖಾನೆ ಕೆತ್ತಿದ ಪೈಪು 60ರಿಂದ 120ಕ್ಕೆ ಬರುತ್ತದೆ ಎಂದರೆ ಹೆಚ್ಚಿನ ವಿವರಣೆ ಬೇಕಿಲ್ಲ. ಎಳೆತ ಸಾಮಾನ್ಯವಾಗಿ ಧಾರಾಳ, ಬಾಯಿಗೆ ಹಗುರ, ಸ್ಟೆಮ್ ತುದಿ ತೆಳು.

ಎಚ್ಚರಿಕೆ ಎರಡು. ಜರ್ಮನಿಯ ಮಾರುಕಟ್ಟೆಗಾಗಿ ಮಾಡಿದವುಗಳಲ್ಲಿ 9 ಮಿ.ಮೀ. ಫಿಲ್ಟರಿನ ಗೂಡು ಇರುತ್ತದೆ. ಫಿಲ್ಟರ್ ಇಲ್ಲದೆ ಹಾಗೇ ಸೇದಿದರೆ ಆ ಪೊಳ್ಳಿನಲ್ಲಿ ತೇವ ಕಟ್ಟುತ್ತದೆ. ಫಿಲ್ಟರ್ ಕೊಳ್ಳುತ್ತಲೇ ಇರಬೇಕು ಅಥವಾ ಕಿರಿದು ಮಾಡುವ ತುಂಡನ್ನು ಹಾಕಿಕೊಳ್ಳಬೇಕು. ಮಾರುವವರು ಹೇಳದಿದ್ದರೆ ಸ್ಟೆಮ್ ಬಿಚ್ಚಿದ ಚಿತ್ರ ಕೇಳಿ. ಇನ್ನೊಂದು, ಬೋರುಪ್‌ನಲ್ಲಿದ್ದ ಡೇನಿಶ್ ಕಾರ್ಖಾನೆ ಮುಚ್ಚಿ ತಯಾರಿಕೆ ಇಟಲಿಗೆ ಹೋಗಿದೆ. ಆ ನಂತರದವು ಕಳಪೆ ಎಂದಲ್ಲ, ಆದರೆ ಎಸ್ಟೇಟ್ ಬೆಲೆ ಕೊಡುವಾಗ ಡೆನ್ಮಾರ್ಕಿನ ಮುದ್ರೆ ಇರುವುದನ್ನೇ ಆರಿಸಿ. ನೋಂದಣಿ ಸಂಖ್ಯೆ 969-48 ಒತ್ತಿದ್ದರೆ ಅದು ಇನ್ನೂ ಹಿಂದಿನ ಕಾಲದ್ದು, ಅಷ್ಟಕ್ಕೇ ಬೆಲೆ ತುಸು ಮೇಲೇರಿರುತ್ತದೆ.

ಸಾವಿನೆಲ್ಲಿಯ ಮೂಲ 1876ರಲ್ಲಿ ಮಿಲಾನಿನಲ್ಲಿ ತೆರೆದ ಅಂಗಡಿ. ಸ್ವಂತ ಕಾರ್ಖಾನೆ ಬಂದದ್ದು ಎರಡನೆಯ ಮಹಾಯುದ್ಧದ ನಂತರ. ಇದರ ವಿಶೇಷ 6 ಮಿ.ಮೀ. ಗೂಡಿನಲ್ಲಿ ಇಡುವ ಬಾಲ್ಸಾ ಮರದ ತ್ರಿಕೋನ ತುಂಡು. ಅದು ತೇವ ಹೀರಿ ಹೊಗೆಯನ್ನು ಒಣಗಿಸುತ್ತದೆ, ಎಳೆತವನ್ನು ತುಸು ಬಿಗಿ ಮಾಡುತ್ತದೆ. ಹೊಸಬರಿಗೆ ಅದೇ ಹಿತ. ಬಟ್ಟಲಿನ ಗೋಡೆ ದಪ್ಪ, ಬಿಸಿ ಕೈಗೆ ತಾಗುವುದು ತಡ. ಭಾರ ಹೆಚ್ಚಿರುವ ಆಕಾರಗಳೂ ಇವೆ, ಹಲ್ಲಿನಲ್ಲೇ ಕಚ್ಚಿಕೊಂಡು ಓದುವ ಅಭ್ಯಾಸದವರು ತೂಕ ಕೇಳಿ ತರಿಸಿಕೊಳ್ಳಲಿ. 45 ಗ್ರಾಮಿನೊಳಗಿದ್ದರೆ ದವಡೆಗೆ ನೋವಾಗದು.

ಅಮೆರಿಕದ ಕೇವುಡಿ, ಡಾಕ್ಟರ್ ಗ್ರೇಬೌಗಳ ವಿಷಯ ಬೇಗ ಮುಗಿಸಬಹುದು. 20ರಿಂದ 40 ಡಾಲರು, ಎಲ್ಲೆಡೆ ಸಿಗುತ್ತವೆ, ಮರ ಹಳೆಯದಾದಷ್ಟೂ ಚೆನ್ನಾಗಿರುವುದೇ ಹೆಚ್ಚು. ಕೇವುಡಿಯ ಸ್ಟೆಮ್ ತಿರುಪಿನದು, ಅದರ ತುದಿಯಲ್ಲಿ ಹೊಗೆಯನ್ನು ತಣಿಸಲೆಂದು ಇಟ್ಟ ಲೋಹದ ಗುಂಡು ಎಳೆತವನ್ನು ಕಟ್ಟಿಹಾಕುತ್ತದೆ. ಗುಂಡನ್ನು ಕತ್ತರಿಸಿದರೆ ಪೈಪು ಬಿಚ್ಚಿ ಉಸಿರಾಡುತ್ತದೆ, ಸಂಗ್ರಹದ ಬೆಲೆ ಮಾತ್ರ ಅಲ್ಲಿಗೆ ಮುಗಿಯಿತು. ನಾಲ್ಕು ತೂತಿನ ಹಳೆಯ ಗುಂಡು ಇದ್ದರೆ ಕತ್ತರಿಸಬೇಡಿ, ಹಾಗೆಯೇ ಮಾರಿ ಇನ್ನೊಂದು ಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು? ಮೊದಲ ಪೈಪು, ನೂರು ಡಾಲರಿನ ಮಿತಿ, ಮುಂದುವರಿಸುತ್ತೇನೋ ಇಲ್ಲವೋ ಗೊತ್ತಿಲ್ಲ ಎನ್ನುವವರು ಫಿಲ್ಟರ್ ಇಲ್ಲದ ಡೇನಿಶ್ ಸ್ಟ್ಯಾನ್‌ವೆಲ್ ಕೊಳ್ಳಲಿ. ಬೇಡವಾದರೆ ಹೆಚ್ಚು ನಷ್ಟವಿಲ್ಲದೆ ಮಾರಬಹುದು. ಜೋರಾಗಿ ಎಳೆಯುವ ಚಾಳಿ ತಮಗಿದೆ ಎಂದು ಬಲ್ಲವರಿಗೆ ಬಾಲ್ಸಾ ಹಾಕಿದ ಸಾವಿನೆಲ್ಲಿ. ನಾಲಿಗೆ ಸೂಕ್ಷ್ಮವಿರುವವರಿಗೆ ಪೀಟರ್ಸನ್. ಕೆಲಸ ಕಲಿಯಬೇಕು, ಉಜ್ಜುವುದು ತೊಳೆಯುವುದರಲ್ಲಿ ಖುಷಿ ಇದೆ ಎನ್ನುವವರು ಮೂವತ್ತು ಡಾಲರಿನ ಕೇವುಡಿ ಮೇಲೆ ಕೈ ಪಳಗಿಸಿಕೊಂಡು ಆಮೇಲೆ ದುಬಾರಿಯದಕ್ಕೆ ಕೈ ಹಾಕಲಿ. ಡನ್‌ಹಿಲ್ ಕೊಳ್ಳಬೇಕಾದವರು ಇತಿಹಾಸಕ್ಕೆ ದುಡ್ಡು ಕೊಡಲು ಮನಸ್ಸುಳ್ಳವರು. ಎಳೆತಕ್ಕಾಗಿ ಮಾತ್ರ ಕೊಂಡರೆ ಮೂರು ಪಟ್ಟು ತೆತ್ತ ಹಾಗೆ. ಹಚ್ಚುವುದೇ ಇಲ್ಲ, ಕಪಾಟಿನಲ್ಲಿಡುತ್ತೇನೆ ಎನ್ನುವವರಿಗೆ ಮೇಲೆ ಹೇಳಿದ ಎಳೆತದ ಮಾತೆಲ್ಲ ವ್ಯರ್ಥ, ಅವರು ಮುದ್ರೆಯ ಸ್ಪಷ್ಟತೆಯೊಂದನ್ನೇ ನೋಡಲಿ. ಆರೋಗ್ಯದ ದೃಷ್ಟಿಯಿಂದ ಕೊನೆಯ ಗುಂಪಿನವರೇ ಜಾಣರು. ಹೊಗೆ ನುಂಗುವುದಿಲ್ಲವಾದ್ದರಿಂದ ಪೈಪು ನಿರಪಾಯ ಎಂಬ ಹಳೆಯ ಸಮಾಧಾನಕ್ಕೆ ಆಧಾರವಿಲ್ಲ. ಬಾಯಿ, ಗಂಟಲು, ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಪೈಪಿನಿಂದಲೂ ಹೆಚ್ಚುತ್ತದೆ.

ಬ್ರಿಟನ್ನಿನಲ್ಲೋ ಅಮೆರಿಕದಲ್ಲೋ ಇರುವ ಕನ್ನಡಿಗರಿಗೆ ಹಳೆಯ ಸಾಮಾನಿನ ಸಂತೆಗಳಲ್ಲಿ ಪೈಪನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ಇದೆ, ಅದನ್ನು ಬಿಡಬೇಡಿ. ಬೆಂಗಳೂರಿಗೋ ಮೈಸೂರಿಗೋ ತರಿಸಿಕೊಳ್ಳುವವರು ಅಂಚೆ ವೆಚ್ಚ, ಸುಂಕ ಸೇರಿಸಿಯೇ ಹೋಲಿಕೆ ಮಾಡಬೇಕು. ಆ ಲೆಕ್ಕದಲ್ಲಿ ಮೂವತ್ತು ಡಾಲರಿನ ಪೈಪಿನ ಅಗ್ಗತನ ಕರಗಿಹೋಗಿ, ನೂರರದೇ ಹೆಚ್ಚು ಲಾಭದ್ದಾಗಿ ಕಾಣುತ್ತದೆ. ಪೈಪಿಗೆ ಹಾಕುವ ತಂಬಾಕಿನ ವಿಚಾರವನ್ನೂ ಮುಂಚೆಯೇ ಯೋಚಿಸಿ. ಹುಣಸೂರು, ಪಿರಿಯಾಪಟ್ಟಣದ ಸುತ್ತ ವರ್ಜೀನಿಯಾ ಎಲೆ ಎಕರೆಗಟ್ಟಲೆ ಬೆಳೆಯುತ್ತದೆ, ಅದು ಹೋಗುವುದೆಲ್ಲ ಸಿಗರೇಟಿನ ಕಡೆಗೆ. ಪೈಪಿಗೆಂದು ಹದ ಮಾಡಿ ಕತ್ತರಿಸಿದ ತಂಬಾಕು ನಮ್ಮ ಅಂಗಡಿಗಳಲ್ಲಿ ಸಿಗುವುದು ನಾಲ್ಕಾರು ಬಗೆ ಮಾತ್ರ, ಅವೂ ಹೆಚ್ಚಾಗಿ ಸುಗಂಧ ಬೆರೆಸಿದ ಒದ್ದೆ ಜಾತಿಯವು. ಆ ತಂಬಾಕಿಗೆ ಬಿಗಿ ಎಳೆತದ ಪೈಪು ತಂದುಕೊಂಡರೆ ಗೊರಗೊರ ಖಾತ್ರಿ. ಇಲ್ಲಿಂದ ಕೊಳ್ಳುವವರು ಪೀಟರ್ಸನ್ ಸಿಸ್ಟಮ್ ಅಥವಾ ಧಾರಾಳ ಕೊರೆತದ ಸ್ಟ್ಯಾನ್‌ವೆಲ್ ಎರಡರ ನಡುವೆಯೇ ತೀರ್ಮಾನಿಸುವುದು ಒಳ್ಳೆಯದು.

ದೂರದಿಂದ ಕೊಳ್ಳುವಾಗ ಹಣ ಕಳಿಸುವ ಮುನ್ನ ನಾಲ್ಕು ಚಿತ್ರ ಕೇಳಿ: ಬಟ್ಟಲಿನೊಳಗೆ ದೀಪ ಬಿಟ್ಟು ತೆಗೆದದ್ದು, ಕತ್ತಿನ ಎರಡೂ ಬದಿಯ ಮುದ್ರೆ, ಸ್ಟೆಮ್ ಬಿಚ್ಚಿ ಗೂಡಿನ ಒಳಗನ್ನು ತೋರಿಸುವುದು, ಹಾಗೂ ಕಡ್ಡಿ ತುದಿಯಿಂದ ಹೊಕ್ಕು ಬಟ್ಟಲಿನಲ್ಲಿ ಹೊರಬಂದದ್ದು. ಕೊನೆಯದನ್ನು ಕೊಡಲು ಮಾರುವವರಿಗೆ ಒಂದು ನಿಮಿಷ ಸಾಕು. ಶುಚಿ ಮಾಡಿ ಮಾರುವ ಅಂಗಡಿಗಳು ಮಾಮೂಲು ಬೆಲೆಗಿಂತ ಇಪ್ಪತ್ತು ಮೂವತ್ತು ಡಾಲರ್ ಹೆಚ್ಚು ಕೇಳುತ್ತವೆ. ಮನೆಯಲ್ಲಿ ಆಲ್ಕೊಹಾಲು, ಹತ್ತಿ, ಕಡ್ಡಿ, ಉಜ್ಜುವ ಕಾಗದ ಇಟ್ಟುಕೊಂಡು ಎರಡು ಸಂಜೆ ಕೂರುವ ತಾಳ್ಮೆ ಇಲ್ಲದವರು ಆ ಹೆಚ್ಚುವರಿಯನ್ನು ಕೊಟ್ಟುಬಿಡುವುದೇ ಲೇಸು. ಸಿಸ್ಟಮ್ ಪೈಪಾದರೆ ನಾಲ್ಕನೆಯ ಚಿತ್ರ ಕೇಳಬೇಡಿ. ಕಡ್ಡಿ ಬಾವಿಯಲ್ಲೇ ನಿಲ್ಲುವುದರಿಂದ ಅದನ್ನು ಅವರು ತೆಗೆಯಲಾರರು. ಅದರ ಬದಲು ಬಾವಿಯೊಳಗೆ ಹತ್ತಿ ತಿರುಗಿಸಿ ಆ ಹತ್ತಿಯ ಚಿತ್ರ ಕಳಿಸಲು ಹೇಳಿ.